ಅನಾಗತವಿಧಾತನೂ ವೃತ್ತಪತ್ರಿಕೆಯೂ

ಪಂಚತಂತ್ರದ ಮೂರು ಮೀನುಗಳ ಕಥೆಯನ್ನು ನಮ್ಮ ವಾಚಕರು ಬಾಲ್ಯದಲ್ಲಿಯೇ ಕೇಳಿರುವರು. ಬೆಸ್ತರು ನಾಳೆ ಬರುವರೆಂಬ ಮಾತು ಕಿವಿಗೆ ಬಿದ್ದೊಡನೆ ಅನಾಗತವಿಧಾತನೆಂಬ ಮೀನು ಕೊಳವನ್ನು ಬಿಟ್ಟು ಹೊರಟಿತು. ಯದ್ಭವಿಷ್ಯನೆಂಬುದು ನಕ್ಕು, ಅಲ್ಲಿಯೇ ಉಳಿದು, ಬಲೆಗೆ ಬಿದ್ದಿತು. ಅನೇಕ ವರ್ಷಗಳ ಕಾಲ ಹುಡುಗರಿಗೆ ಈ ಕಥೆಯನ್ನು ಪಾಠ ಹೇಳಿದ ನಾವು ಒಂದು ಪ್ರಶ್ನೆಯನ್ನು ಮಾತ್ರ ಎಂದೂ ಕೇಳಲಿಲ್ಲ. ಮರುದಿನ ಬೆಸ್ತರು ಬಾರದೆಯೇ ಇದ್ದಿದ್ದರೆ, ಆ ಕೊಳದವರು ಅನಾಗತವಿಧಾತನನ್ನು ಏನೆಂದು ಕರೆಯುತ್ತಿದ್ದರು? ಹೇಡಿಯೆಂದೋ ಹುಚ್ಚನೆಂದೋ ಕರೆಯುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ. ವೃತ್ತಪತ್ರಿಕೆಗಳೂ ದೂರದರ್ಶನವೂ ಬಹುಮಟ್ಟಿಗೆ ಮಾಡುತ್ತ ಬಂದಿರುವುದು ಇದನ್ನೇ.

ನಮ್ಮ ತಪ್ಪನ್ನೇ ಮೊದಲು ಒಪ್ಪಿಕೊಳ್ಳುವೆವು. 1999ನೆಯ ಇಸವಿಯ ಕೊನೆಯಲ್ಲಿ, ಅಮೆರಿಕಾ ದೇಶದ ಕೆಲವು ಕುಟುಂಬಗಳು ನೆಲಮಾಳಿಗೆಯಲ್ಲಿ ಧಾನ್ಯವನ್ನೂ ನೀರನ್ನೂ ಕೂಡಿಡುತ್ತಿರುವ ಸುದ್ದಿಯನ್ನು ನಾವು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಹುಡುಗರೊಡನೆ ಸೇರಿ ನಕ್ಕಿದ್ದೆವು. ಗಣಕಯಂತ್ರಗಳಲ್ಲಿ ಇಸವಿಯ ಕಡೆಯ ಎರಡು ಅಂಕಿಗಳನ್ನಷ್ಟೇ ಬರೆದಿಡುತ್ತಿದ್ದುದರಿಂದ, 2000ನೆಯ ಇಸವಿ ಹುಟ್ಟಿದೊಡನೆ ಅವು ದಾರಿತಪ್ಪುವುವೆಂಬ ಭಯವು ಆಗ ಹಬ್ಬಿದ್ದಿತು. ಆ ಭಯವನ್ನು ಮನೆಮನೆಗೆ ಮುಟ್ಟಿಸಿದುದೂ ಪತ್ರಿಕೆಗಳೇ. ಜನವರಿ 1 ಸುಖವಾಗಿ ಕಳೆದೊಡನೆ, ಹೆದರಿದವರನ್ನು ನೋಡಿ ನಕ್ಕುದೂ ಪತ್ರಿಕೆಗಳೇ. ಆದರೆ ಅನಾಹುತವು ತಪ್ಪಿದುದು ತನ್ನಷ್ಟಕ್ಕೆ ತಾನೇ ಅಲ್ಲ. ಸಾವಿರಾರು ಮಂದಿ ತಂತ್ರಜ್ಞರು ವರ್ಷಗಟ್ಟಲೆ ಕುಳಿತು ಆ ದೋಷವನ್ನು ತಿದ್ದಿದ್ದರು. ನಮ್ಮ ಬೆಂಗಳೂರಿನಲ್ಲಿಯೂ ಅನೇಕರು ಅದೇ ಕೆಲಸದಲ್ಲಿ ನಿದ್ರೆಗೆಟ್ಟಿದ್ದರು. ಸಿದ್ಧತೆಯು ಸಫಲವಾದರೆ ಕಾಣುವುದಕ್ಕೆ ಏನೂ ಉಳಿಯುವುದಿಲ್ಲ. ಕಾಣದುದನ್ನು ಜನರು ವ್ಯರ್ಥವೆನ್ನುವರು.

ಇದಕ್ಕೆ ಜಪಾನಿನ ಒಂದು ಹಳ್ಳಿಯ ವೃತ್ತಾಂತವು ಉತ್ತಮ ನಿದರ್ಶನವಾಗಿದೆ. 2011ರಲ್ಲಿ ಸುಮಾರು ಮೂರು ಸಾವಿರ ಜನರಿದ್ದ ಈ ಕಡಲತೀರದ ಊರಿನ ಹೆಸರು ಫುದಾಯಿ. 1896ರಲ್ಲಿಯೂ 1933ರಲ್ಲಿಯೂ ಸುನಾಮಿಯ ಅಲೆಗಳು ಎದ್ದು ಆ ಊರಿನ ನಾನೂರಕ್ಕೂ ಹೆಚ್ಚು ಮಂದಿಯನ್ನು ನುಂಗಿದುವು. ಎರಡನೆಯ ಅನಾಹುತವನ್ನು ತರುಣನಾಗಿದ್ದಾಗಲೇ ಕಂಡಿದ್ದ ಕೋತೊಕು ವಾಮುರಾ ಎಂಬವರು ಮುಂದೆ ಆ ಊರಿನ ಅಧ್ಯಕ್ಷರಾಗಿ ನಾಲ್ವತ್ತು ವರ್ಷಗಳ ಕಾಲ ಅಧಿಕಾರದಲ್ಲಿದ್ದರು. ಕಡಲಿಗೆ ಅಡ್ಡಲಾಗಿ ಹದಿನೈದೂವರೆ ಮೀಟರ್ ಎತ್ತರದ ಗೋಡೆಯನ್ನೂ, ಹೊಳೆಯು ಕಡಲನ್ನು ಸೇರುವೆಡೆಯಲ್ಲಿ ಅಷ್ಟೇ ಎತ್ತರದ ದ್ವಾರವನ್ನೂ ಕಟ್ಟಿಸಬೇಕೆಂದು ಅವರು ಹಟ ಹಿಡಿದರು. 1984ರಲ್ಲಿ ಮುಗಿದ ಆ ದ್ವಾರಕ್ಕೆ 356 ಕೋಟಿ ಯೆನ್ ವೆಚ್ಚವಾಯಿತು. ಇಷ್ಟು ಎತ್ತರವೇತಕ್ಕೆ, ಇಷ್ಟು ಹಣವೇತಕ್ಕೆ ಎಂಬ ಆಕ್ಷೇಪಣೆಗಳು ಕಡಿಮೆಯಾಗಿರಲಿಲ್ಲ. 1897ರ ಹಿಂದಿನ ವರ್ಷದ ಅಲೆಯು ಹದಿನೈದು ಮೀಟರ್ ಎದ್ದಿದ್ದಿತೆಂದು ಹಿರಿಯರು ಹೇಳುತ್ತಿದ್ದುದೊಂದೇ ಅವರಿಗೆ ಆಧಾರವಾಗಿದ್ದಿತು; ಅದಕ್ಕಿಂತ ತಗ್ಗಿಸಲು ಅವರು ಒಪ್ಪಲಿಲ್ಲ. 1997ರಲ್ಲಿ ಅವರು ತೀರಿಕೊಂಡಾಗಲೂ ಆ ದ್ವಾರದ ಪ್ರಯೋಜನವು ಯಾರಿಗೂ ಕಂಡಿರಲಿಲ್ಲ.

2011ನೆಯ ಮಾರ್ಚ್ 11ರಂದು ಭೂಕಂಪವಾಗಿ ಕಡಲು ಮೇಲೆದ್ದಿತು. ಆ ತೀರದ ಎಷ್ಟೋ ಊರುಗಳು ಕೊಚ್ಚಿಹೋದುವು. ಫುದಾಯಿಯಲ್ಲಿ ದ್ವಾರದ ಹೊರಗಿದ್ದ ಬಂದರು ನಾಶವಾಯಿತು. ಅಲೆಯು ದ್ವಾರದ ಮೇಲಕ್ಕೂ ಚಿಮ್ಮಿತು. ಆದರೆ ಒಳಗಿನ ಮನೆಗಳಿಗೆ ಅಪಾಯವಾಗಲಿಲ್ಲ. ತನ್ನ ದೋಣಿಯನ್ನು ನೋಡಲು ಬಂದರಿಗೆ ಹೋದ ಒಬ್ಬನ ಹೊರತು ಊರಿನವರೆಲ್ಲರೂ ಉಳಿದರು. ಲೋಕದ ಪತ್ರಿಕೆಗಳೆಲ್ಲ ಆಗ ವಾಮುರಾ ಅವರನ್ನು ಕೊಂಡಾಡಿದುವು. ಊರ ಜನರು ಅವರ ಸಮಾಧಿಗೆ ಹೋಗಿ ಕೈಮುಗಿದರು. ಗೋಡೆಯು ಮೊದಲಿನದೇ, ಮನುಷ್ಯನೂ ಮೊದಲಿನವನೇ. ಅಲೆಯೊಂದು ಬಂದುದರಿಂದ ದುಂದುಗಾರನು ದೂರದರ್ಶಿಯಾದನು! ಆ ಅಲೆಯು ಇನ್ನೂ ನೂರು ವರ್ಷ ತಡವಾಗಿ ಬಂದಿದ್ದರೂ ಅವರ ವಿವೇಕಕ್ಕೆ ಕೊರತೆಯೇನಿರುತ್ತಿತ್ತು?

ಇದಕ್ಕೆ ಪತ್ರಿಕೆಯವರ ದುಷ್ಟತನವೇ ಕಾರಣವೆಂದು ನಾವು ಹೇಳುವುದಿಲ್ಲ. ನಡೆದುದು ಸುದ್ದಿ, ನಡೆಯದುದು ಸುದ್ದಿಯಲ್ಲ. ಮನೆಯಲ್ಲಿ ಎರಡು ವಾರದ ಅಕ್ಕಿಯನ್ನೂ ಒಂದು ದೀಪವನ್ನೂ ಇಟ್ಟುಕೊಂಡ ಗೃಹಸ್ಥನ ಚಿತ್ರವನ್ನು ಯಾರು ನೋಡುವರು? ಬಂದೂಕು ಹಿಡಿದು, ಮುಖವಾಡ ಧರಿಸಿ, ನೆಲದಡಿಯಲ್ಲಿ ಅವಿತವನನ್ನು ಎಲ್ಲರೂ ನೋಡುವರು. ಅಮೆರಿಕಾದಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯು 2012ರಿಂದ 2014ರ ವರೆಗೆ ‘ಡೂಮ್ಸ್‌ಡೇ ಪ್ರೆಪರ್ಸ್’ ಎಂಬ ಕಾರ್ಯಕ್ರಮದಲ್ಲಿ ಇಂಥವರನ್ನೇ ತೋರಿಸಿ, ಅವರ ಸಿದ್ಧತೆಗೆ ಪರೀಕ್ಷೆಯಂತೆ ಅಂಕಗಳನ್ನು ಕೊಡಿಸಿತು. ಅದೇ ದೇಶದ ಸರಕಾರವು 2003ರಿಂದ ಪ್ರಜೆಗಳಿಗೆ ಹೇಳುತ್ತ ಬಂದಿರುವುದಾದರೋ, ಕೆಲವು ದಿನಗಳಿಗಾಗುವಷ್ಟು ಆಹಾರವನ್ನೂ, ತಲೆಗೆ ದಿನಕ್ಕೊಂದು ಗ್ಯಾಲನ್, ಎಂದರೆ ಸುಮಾರು ನಾಲ್ಕು ಲೀಟರ್ ನೀರನ್ನೂ ಮನೆಯಲ್ಲಿಡಿರೆಂದು. ಸ್ವೀಡನ್ ಸರಕಾರವು 2018ರಲ್ಲಿ ಇಂಥ ಉಪದೇಶದ ಕಿರುಪುಸ್ತಕವನ್ನೇ ಮನೆಮನೆಗೂ ಕಳುಹಿಸಿತು. ಸರಕಾರವು ಹೇಳಿದರೆ ಎಚ್ಚರಿಕೆ, ನೆರೆಯವನು ಮಾಡಿದರೆ ಹುಚ್ಚು ಎಂಬುದು ನ್ಯಾಯವೆ?

ಇನ್ನೊಂದು ಅವಿವೇಕವುಂಟು. 2020ರಲ್ಲಿ ಕೊರೋನಾ ರೋಗವು ಹರಡಿದಾಗ ಅಂಗಡಿಗಳನ್ನು ಬರಿದುಮಾಡಿದವರನ್ನೂ, ಮುಂಚೆಯೇ ಕೂಡಿಟ್ಟುಕೊಂಡವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ಸುಭಿಕ್ಷದಲ್ಲಿ ಸ್ವಲ್ಪಸ್ವಲ್ಪವಾಗಿ ಸಂಗ್ರಹಿಸಿದವನು ಆಪತ್ಕಾಲದಲ್ಲಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಅವನ ಪಾಲು ಬಡವನಿಗೆ ಉಳಿಯುವುದು. ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡುವವನೇ ನೂಕಾಟಕ್ಕೆ ಕಾರಣನು. ನಮ್ಮ ಹಿರಿಯರು ಹಗೇವಿನಲ್ಲಿ ಜೋಳವನ್ನು ತುಂಬಿದುದೂ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಸೌದೆಯನ್ನೂ ಉಪ್ಪಿನಕಾಯಿಯನ್ನೂ ಕೂಡಿಟ್ಟುದೂ ಲೋಕವು ಮುಳುಗುವುದೆಂದಲ್ಲ; ಮಳೆ ಬಂದೇ ಬರುವುದೆಂದು.

ಆ ವರ್ಷದ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ನಮ್ಮ ಮನೆಯನ್ನು ನಡೆಯಿಸಿದುದು ನಮ್ಮ ಗೃಹಿಣಿಯು ತುಂಬಿಟ್ಟ ಡಬ್ಬಿಗಳೇ. ‘ಇದೇನು, ಅಂಗಡಿ ಇಡುವೆಯಾ?’ ಎಂದು ನಾವು ಅವಳನ್ನು ಎಷ್ಟೋ ಸಲ ಹಾಸ್ಯ ಮಾಡಿದ್ದೆವು. ಪಕ್ಕದ ಮನೆಯಲ್ಲಿ ಕೂಲಿಯಿಲ್ಲದೆ ಕುಳಿತಿದ್ದವರಿಗೂ ಅದರಿಂದಲೇ ಅಕ್ಕಿ ಬೇಳೆ ಹೋಯಿತು. ಅವಳು ನಮಗೆ ಒಂದು ಮಾತನ್ನೂ ಆಡಲಿಲ್ಲ. ತರಗತಿಯಲ್ಲಿ ನಮ್ಮೊಡನೆ ನಕ್ಕ ಹುಡುಗರಿಗೆ ಈಗ ಸಂಸಾರಗಳಾಗಿರುವುವು. ಅವರ ಕಣ್ಣಿಗೆ ಈ ಲೇಖನವು ಬಿದ್ದರೆ, ಅಂದಿನ ಪಾಠವನ್ನು ಅವರ ಗುರುವು ಹಿಂದಕ್ಕೆ ತೆಗೆದುಕೊಂಡಿರುವನೆಂದು ತಿಳಿಯಲಿ.