ಗಡಿ ದಾಟಿದರೂ ಗುಳಿಗೆ ತಪ್ಪಬಾರದು

ಜತ್ತ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಸಾಂಗ್ಲಿಯೂ ಹೌದು, ವಿಜಯಪುರವೂ ಹೌದು. ತಾಳವಾಡಿಯವರು ಈರೋಡಿಗೆ ಹೋಗಲು ದಿಂಬಂ ಘಾಟಿ ಇಳಿಯಬೇಕು, ಚಾಮರಾಜನಗರವೇ ಹತ್ತಿರ. ಕಾಸರಗೋಡಿನವರು ಮಂಗಳೂರಿನ ಬಸ್ಸು ಹತ್ತುವುದು ಇಂದು ನಿನ್ನೆಯ ರೂಢಿಯಲ್ಲ. ಜ್ವರಕ್ಕಾದರೆ ಎಲ್ಲಿ ತೋರಿಸಿದರೂ ನಡೆದೀತು. ಆದರೆ ಎಚ್‌ಐವಿ ಸೋಂಕಿಗೆ ದಿನವೂ ತಪ್ಪದೆ ಗುಳಿಗೆ ನುಂಗಬೇಕು. ಒಂದು ರಾಜ್ಯದಲ್ಲಿ ಹೆಸರು ಬರೆಸಿದವರು ಕೂಲಿಗೋ ಮದುವೆಯಾಗಿಯೋ ಇನ್ನೊಂದು ರಾಜ್ಯಕ್ಕೆ ಹೋದರೆ ಗತಿ ಏನು?

ಉತ್ತರ ತಿಳಿಯಲು ಈ ವ್ಯವಸ್ಥೆ ಬೆಳೆದು ಬಂದ ಬಗೆಯನ್ನು ನೋಡೋಣ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 1992ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ‘ನ್ಯಾಕೋ’ ಹುಟ್ಟಿತು. ಆದರೆ ದಿಲ್ಲಿಯಲ್ಲಿ ಕುಳಿತು ಹಳ್ಳಿಯ ಕೆಲಸ ಮಾಡಲಾಗದು. ಹಣ ಖಜಾನೆಯ ಮೇಜಿನಿಂದ ಮೇಜಿಗೆ ತಿರುಗಿ ತಡವಾಗುತ್ತಿತ್ತು. 1994ರಲ್ಲಿ ತಮಿಳುನಾಡು ಇದಕ್ಕೆಂದೇ ಒಂದು ಸೊಸೈಟಿ ನೋಂದಾಯಿಸಿ, ಹಣ ನೇರವಾಗಿ ಅಲ್ಲಿಗೆ ಬರುವಂತೆ ಮಾಡಿತು. ಆ ದಾರಿ ಸರಿಹೋಯಿತು. ಉಳಿದ ರಾಜ್ಯಗಳೂ ಅದನ್ನೇ ಹಿಡಿದವು. 2007ರಿಂದ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ಜಿಲ್ಲಾ ಘಟಕಗಳೂ ಬಂದವು.

ಹೀಗೆ ಕೆಲಸ ಹಂಚಿಹೋಯಿತು. ಯಾವ ಔಷಧಿ, ಯಾವ ಕ್ರಮ ಎಂಬುದನ್ನು ನ್ಯಾಕೋ ಗೊತ್ತುಮಾಡುತ್ತದೆ. ಪರೀಕ್ಷಾ ಕೇಂದ್ರ, ಎಆರ್‌ಟಿ ಚಿಕಿತ್ಸಾ ಕೇಂದ್ರ, ಸಿಬ್ಬಂದಿಯ ತರಬೇತಿ, ಪ್ರಚಾರ ರಾಜ್ಯದ ಸೊಸೈಟಿಯ ಪಾಲು. ಆದ್ದರಿಂದಲೇ ಗೋಡೆಯ ಭಿತ್ತಿಪತ್ರ ಒಂದು ಕಡೆ ಮರಾಠಿ, ಇನ್ನೊಂದು ಕಡೆ ತಮಿಳು. ಆದರೆ ಚಿಕಿತ್ಸೆಯ ಕ್ರಮ ಗಡಿಯ ಆಚೆಗೂ ಈಚೆಗೂ ಒಂದೇ. ನಮಗೆ ಅನುಕೂಲವಾಗಿರುವುದು ಇದೇ.

ಈ ಔಷಧಿ 2004ರ ಏಪ್ರಿಲ್ 1ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. 2017ರಿಂದ, ಸೋಂಕು ಖಚಿತವಾದ ಎಲ್ಲರಿಗೂ ಕಾಯದೆ ಚಿಕಿತ್ಸೆ ಶುರುಮಾಡುವ ನಿಯಮ ಬಂದಿದೆ. ಕ್ರಮವಾಗಿ ನುಂಗಿದರೆ ರಕ್ತದಲ್ಲಿ ವೈರಾಣು ಕಾಣದಷ್ಟು ತಗ್ಗುತ್ತದೆ. ಹಾಗೇ ತಗ್ಗಿರುವವರೆಗೆ ಸಂಭೋಗದಿಂದ ಸಂಗಾತಿಗೂ ಹರಡದು. ಆಗಾಗ ತಪ್ಪಿಸಿದರೆ ವೈರಾಣು ಔಷಧಿಗೆ ಬಗ್ಗದಂತಾಗುತ್ತದೆ.

ಆದ್ದರಿಂದ ಊರು ಬಿಡುವ ಮುನ್ನ ನಿಮ್ಮ ಕೇಂದ್ರದ ಆಪ್ತ ಸಮಾಲೋಚಕರಿಗೆ ಹೇಳಿ. ಕಾಯಂ ಹೋಗುವುದಾದರೆ ವರ್ಗಾವಣೆ ಪತ್ರ ಪಡೆಯಿರಿ. ಕೆಲವು ದಿನಕ್ಕೆಂದರೆ ಸಾಕಷ್ಟು ಗುಳಿಗೆ ಕೇಳಿ ತೆಗೆದುಕೊಳ್ಳಿ. ಚಿಕಿತ್ಸೆಯ ಪುಸ್ತಕ ಜೊತೆಗಿರಲಿ. ದಾರಿಯಲ್ಲಿ ಗುಳಿಗೆ ಮುಗಿದರೆ ಹತ್ತಿರದ ಎಆರ್‌ಟಿ ಕೇಂದ್ರದಲ್ಲಿ ಆ ಪುಸ್ತಕ ತೋರಿಸಿ ಕೇಳಿ. ನಾಚಿಕೆಗೆ ಅಂಜಿ ಹೊಸ ಊರಿನಲ್ಲಿ ಬೇರೆ ಹೆಸರು ಬರೆಸಬೇಡಿ. ಹಿಂದೆ ಯಾವ ಔಷಧಿ ನುಂಗಿದ್ದಿರಿ ಎಂಬುದು ವೈದ್ಯರಿಗೆ ತಿಳಿಯದೆ ಹೋದರೆ ತೊಂದರೆ ನಿಮಗೇ.

ಗುಟ್ಟು ರಟ್ಟಾದೀತೆಂಬ ಭಯ ಬೇಡ. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದು, ಸೋಂಕಿನ ಕಾರಣಕ್ಕೆ ಕೆಲಸದಿಂದಲೋ ಶಾಲೆಯಿಂದಲೋ ಹೊರಹಾಕುವುದು ಅದರ ಪ್ರಕಾರ ತಪ್ಪು. ಸಂದೇಹವಿದ್ದರೆ 1097ಕ್ಕೆ ಫೋನ್ ಮಾಡಿ, ಖರ್ಚಿಲ್ಲ. ಮರಾಠಿಯಲ್ಲೋ ತಮಿಳಿನಲ್ಲೋ ಓದಿ ಅರ್ಥವಾಗದ್ದನ್ನು ಕೇಂದ್ರದಲ್ಲಿ ಬಾಯಿಬಿಟ್ಟು ಕೇಳಿ. ಸಂತೆಯಲ್ಲಿ ಎರಡು ಭಾಷೆ ಆಡುವ ನಮಗೆ ಆಸ್ಪತ್ರೆಯಲ್ಲಿ ಸಂಕೋಚವೇಕೆ?