ಮೀನು ಆರಿಸುವ ಮುಂಚೆ ಕೆಟಲ್ ನೋಡಿ

ನಮ್ಮನೆ ಕೆಟಲ್ಲಿನ ತಳದಲ್ಲಿ ಬಿಳೀ ಹೊಪ್ಪಳೆ ಕಟ್ಟುತ್ತದೆ. ತಿಂಗಳಿಗೊಮ್ಮೆ ವಿನಿಗರ್ ಹಾಕಿ ಕುದಿಸಿ ಅದನ್ನು ತೆಗೆಯುವ ಕೆಲಸ ನನ್ನದು. ಇಂಗ್ಲೆಂಡಿನ ಈ ರೆಡಿಂಗ್ ಊರಿಗೆ ಬಂದಾಗಿನಿಂದ ಬೈದುಕೊಂಡೇ ಉಜ್ಜುತ್ತಿದ್ದೇನೆ. ಅದಕ್ಕೂ ಮೀನು ಸಾಕುವುದಕ್ಕೂ ಸಂಬಂಧ ಇದೆ ಅಂತ ಗೊತ್ತಾಗಲು ನಾಲ್ಕು ಮೀನು ಸಾಯಬೇಕಾಯಿತು.

ಮಗಳ ಏಳನೇ ಹುಟ್ಟುಹಬ್ಬಕ್ಕೆ ನಾಯಿಮರಿ ಬೇಕು ಅಂತ ಶುರುವಾದ ಹಟ ಹೇಗೋ ಅಕ್ವೇರಿಯಂಗೆ ಬಂದು ನಿಂತಿತು. ಸುಮ್ಮನೆ ಸುತ್ತು ಹಾಕುವ ಮೀನು ಬೇಡ, ಮರಿ ಮಾಡುವ ಮೀನು ಬೇಕು ಅಂದಳು. ಹಾಗಾದರೆ ಸಿಕ್ಲಿಡ್‌ಗಳೇ ಸರಿ ಅಂದುಕೊಂಡೆ. ಇವು ಮೊಟ್ಟೆ ಇಟ್ಟು ಮರೆತುಬಿಡುವ ಮೀನುಗಳಲ್ಲ. ಈಜುರೆಕ್ಕೆಯಿಂದ ಮೊಟ್ಟೆಗೆ ಹೊಸ ನೀರು ಬೀಸುತ್ತವೆ, ಮರಿಗಳನ್ನು ಕೋಳಿಯ ಹಾಗೆ ಹಿಂದೆ ಕಟ್ಟಿಕೊಂಡು ತಿರುಗುತ್ತವೆ, ಹತ್ತಿರ ಬಂದವರನ್ನು ಅಟ್ಟುತ್ತವೆ. ಆಸ್ಕರ್‌ನಂಥ ದೊಡ್ಡ ಸಿಕ್ಲಿಡ್‌ಗಳು ಒಂದಡಿ ಬೆಳೆಯುತ್ತವೆ, ಅವಕ್ಕೆ ನಮ್ಮ ಹಾಲ್‌ನಲ್ಲಿ ಜಾಗ ಇಲ್ಲ. ಎರಡು ಮೂರು ಇಂಚಿನ ಕುಳ್ಳ ಜಾತಿಗಳಾದರೆ ಎರಡಡಿ ಉದ್ದದ ತೊಟ್ಟಿ ಸಾಕು.

ಅಂಗಡಿಯಲ್ಲಿ ಎಲ್ಲಕ್ಕಿಂತ ಚೆಂದ ಕಂಡದ್ದು ಬ್ಲೂ ರ‍್ಯಾಮ್. ಹಳದಿ ಮೈ ಮೇಲೆ ನೀಲಿ ಚುಕ್ಕಿ, ಕೆಂಪು ಕಣ್ಣು. ಎರಡು ಜೋಡಿ ತಂದೆವು. ರ‍್ಯಾಮ್ ಅಂದರೆ ರಾಮ ತಾನೇ ಅಂತ ಮಗಳು ರಾಮ-ಸೀತೆ, ಲಕ್ಷ್ಮಣ-ಊರ್ಮಿಳೆ ಅಂತ ಹೆಸರಿಟ್ಟಳು. ಚಪ್ಪಟೆ ಕಲ್ಲಿನ ಮೇಲೆ ಎರಡು ಸಲ ಮೊಟ್ಟೆಯೂ ಬಂತು. ಎರಡು ಸಲವೂ ಮೊಟ್ಟೆ ಬೆಳ್ಳಗಾಗಿ ಬೂಸಲು ಹಿಡಿಯಿತು. ಆಮೇಲೆ ಒಂದೊಂದಾಗಿ ಊಟ ಬಿಟ್ಟವು. ನಾಲ್ಕನೆಯದನ್ನು ಹಿತ್ತಲಲ್ಲಿ ಹುಗಿಯುವಾಗ ಮಗಳು ಕೇಳಿದಳು, "ಅಪ್ಪಾ, ಅವಕ್ಕೆ ನಮ್ಮನೆ ಇಷ್ಟ ಆಗ್ಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಬಂದದ್ದು ಉಪ್ಪಿನಂಗಡಿಯಿಂದ, ಫೋನಿನಲ್ಲಿ. ಅಮ್ಮ ಎಲ್ಲ ಕೇಳಿಸಿಕೊಂಡು, "ಅಲ್ಲ ಮಾರಾಯಾ, ಮೀನಿನ ಬಣ್ಣ ನೋಡಿ ತಂದೆಯಲ್ಲ, ನಿನ್ನ ನೀರು ಯಾವ ನಮೂನೆಯದ್ದು ಅಂತ ನೋಡಿದ್ಯಾ?" ಅಂದರು.

ನೋಡಿರಲಿಲ್ಲ! ರ‍್ಯಾಮ್‌ನ ತವರು ವೆನೆಜುವೆಲಾ, ಕೊಲಂಬಿಯಾಗಳ ಒರಿನೋಕೊ ನದೀ ಬಯಲು. ಅಲ್ಲಿಯ ನೀರು ಮೆದು, ತುಸು ಹುಳಿ, ಬೆಚ್ಚಗೆ. ಇವಕ್ಕೆ 27-28 ಡಿಗ್ರಿಯಾದರೂ ಬೇಕು, ನಾನು ಇಟ್ಟದ್ದು 24. ನಮ್ಮ ನಲ್ಲಿಯಲ್ಲಿ ಬರುವುದು ಸುಣ್ಣದ ಬಂಡೆಗಳ ನಡುವಿನಿಂದ ಬರುವ ಗಡಸು ನೀರು. ಕೆಟಲ್ ತಿಂಗಳು ತಿಂಗಳು ಅದನ್ನೇ ಹೇಳುತ್ತಿತ್ತು, ಕೇಳುವ ಕಿವಿ ನನಗಿರಲಿಲ್ಲ ಅಷ್ಟೆ. ಶುದ್ಧೀಕರಿಸಿದ ನೀರು ಬೆರೆಸಿ ರ‍್ಯಾಮ್ ಸಾಕುವವರು ಇಲ್ಲೂ ಇದ್ದಾರೆ. ಆದರೆ ವಾರ ವಾರ ಬಕೆಟ್ ಹೊತ್ತು ನೀರಿನ ಗುಣ ಬದಲಾಯಿಸುವುದಕ್ಕಿಂತ ಇರುವ ನೀರಿಗೆ ಒಗ್ಗುವ ಮೀನು ಆರಿಸುವುದು ಮೇಲು.

ಎರಡನೇ ಸಲ ಅವಸರ ಮಾಡಲಿಲ್ಲ. ಮೀನಿನ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲು ನಾಲ್ಕಾರು ವಾರ ಬೇಕು. ಖಾಲಿ ತೊಟ್ಟಿಗೆ ಚೂರು ಚೂರು ಅಮೋನಿಯಾ ಹಾಕುತ್ತಾ, ಅದೂ ನೈಟ್ರೈಟೂ ಸೊನ್ನೆಗೆ ಇಳಿಯುವವರೆಗೆ ಕಾದೆವು. ಆ ಹೊತ್ತಿನಲ್ಲಿ ಅಪ್ಪ ಮಗಳು ಕೂತು ಪಟ್ಟಿ ಮಾಡಿದೆವು.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಮೂರು. ಒಂದು, ಪೆರು-ಬ್ರೆಜಿಲ್ ಕಡೆಯ ಅಪಿಸ್ಟೊಗ್ರಾಮಾ ಕಕಟುಯಿಡಿಸ್. ಕಾಕಟೂ ಗಿಳಿಯ ಜುಟ್ಟಿನಂಥ ಬೆನ್ನಿನ ರೆಕ್ಕೆ, ಒಂದು ಗಂಡಿಗೆ ಎರಡು ಮೂರು ಹೆಣ್ಣು, ಮರಿ ಕಾಯುವಾಗ ಹೆಣ್ಣು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದರ ಬಳಗದಲ್ಲೇ ಗಟ್ಟಿ ಜಾತಿ, ಆದರೂ ಮೆದು ನೀರೇ ಅದಕ್ಕೆ ಇಷ್ಟ.

ಎರಡು, ಆಫ್ರಿಕಾದ ಟಾಂಗನೀಕಾ ಸರೋವರದ 'ಮಲ್ಟಿ', ಪೂರ್ತಿ ಹೆಸರು ನಿಯೊಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯಾಟಸ್. ಹೆಣ್ಣು ಮೂರು ಸೆಂಟಿಮೀಟರ್ ಇದ್ದರೆ ಹೆಚ್ಚು. ಸತ್ತ ಬಸವನಹುಳದ ಖಾಲಿ ಚಿಪ್ಪೇ ಮನೆ, ಅಲ್ಲೇ ಮೊಟ್ಟೆ, ಅಲ್ಲೇ ಬಾಣಂತನ. ಬಾಯಲ್ಲಿ ಮರಳು ತುಂಬಿ ಆಚೆ ಉಗಿದು ಊರಿಡೀ ಗುಂಡಿ ತೋಡುತ್ತವೆ. ದೊಡ್ಡ ಮರಿಗಳನ್ನು ಓಡಿಸದೆ ಒಟ್ಟು ಕುಟುಂಬದ ಹಾಗೆ ಬಾಳುತ್ತವೆ. ಗಡಸು ನೀರು ಇವಕ್ಕೆ ಅಮೃತ. ನಮ್ಮ ನಲ್ಲಿಗೆ ಹೇಳಿ ಮಾಡಿಸಿದಂತಿತ್ತು, ಆದರೆ ಮಗಳಿಗೆ ಬಣ್ಣ ಸಾಲದು.

ಮೂರನೆಯದು ಕ್ರಿಬೆನ್ಸಿಸ್. ನೈಜೀರಿಯಾ, ಕ್ಯಾಮರೂನ್ ಕಡೆಯದು, ಎಂಥ ನೀರಿಗೂ ಹೊಂದಿಕೊಳ್ಳುವ ಗಟ್ಟಿಗ. ಹೆಣ್ಣಿನ ಹೊಟ್ಟೆ ನೇರಳೆಹಣ್ಣು ಮೆತ್ತಿದಂತೆ. ಇಬ್ಬರೂ ಒಪ್ಪಿದ್ದು ಇದನ್ನೇ. ಈ ಸಲ ಜೋಡಿಯನ್ನು ನಾವು ಆರಿಸಲಿಲ್ಲ. ಆರು ಎಳೇ ಮೀನು ತಂದು ಬಿಟ್ಟೆವು. ಯಾರಿಗೆ ಯಾರು ಅನ್ನುವುದನ್ನು ಅವೇ ತೀರ್ಮಾನಿಸಿದವು. ಜೋಡಿ ಕಟ್ಟಿದ ಮೇಲೆ ಉಳಿದ ನಾಲ್ಕನ್ನು ಅಂಗಡಿಗೆ ವಾಪಸ್ ಕೊಟ್ಟೆವು, ಇಲ್ಲದಿದ್ದರೆ ಹೊಡೆದಾಟ.

ಇವಕ್ಕೆ ಮೊಟ್ಟೆ ಇಡಲು ಗುಹೆ ಬೇಕು. ಅಂಗಡಿಯ ಪ್ಲಾಸ್ಟಿಕ್ ಗುಹೆಗೆ ಹನ್ನೆರಡು ಪೌಂಡ್! ಹೆಂಡತಿ ಅವತ್ತೇ ಚಟ್ನಿಗೆ ಕಾಯಿ ತುರಿದಿದ್ದಳು. ಕರಟವನ್ನು ಚೆನ್ನಾಗಿ ಕೆರೆದು ಕುದಿಸಿ, ಅಂಚಿನಲ್ಲಿ ಬಾಗಿಲು ಕೊರೆದು ಬೋರಲು ಹಾಕಿದೆ. ವಾರದೊಳಗೆ ಗೃಹಪ್ರವೇಶ. ಹೆಣ್ಣು ಹೊಟ್ಟೆ ಬಾಗಿಸಿ ಗಂಡಿನ ಮುಂದೆ ನಡುಗುತ್ತಾ ಕುಣಿಯಿತು, ಆಮೇಲೆ ಕರಟದೊಳಗೆ ಹೋದದ್ದು ಊಟಕ್ಕೂ ಹೊರಬರಲಿಲ್ಲ. ಹತ್ತು ದಿನ ಕಳೆದು ಒಂದು ಬೆಳಿಗ್ಗೆ ಬಂತು, ಹಿಂದೆ ರಾಗಿಕಾಳಿನ ಮೋಡದಂತೆ ಮರಿಗಳು. ಮಗಳು ಸ್ಕೂಲ್ ಯೂನಿಫಾರ್ಮ್‌ನಲ್ಲೇ ನೆಲಕ್ಕೆ ಕೂತು ಎಣಿಸಿದಳು. ಐವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. "ಇವಕ್ಕೆ ನಮ್ಮನೆ ಇಷ್ಟ ಆಯ್ತು" ಅಂದಳು. ನಾನು ಚಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಬೆಳಿಗ್ಗೆ ಸಂಜೆ ಆಗಷ್ಟೇ ಒಡೆದ ಬ್ರೈನ್ ಶ್ರಿಂಪ್ ಮರಿ ಕೊಟ್ಟು ಬೆಳೆಸಿದೆವು. ಇನ್ನೊಂದು ವಿಚಿತ್ರ ನೋಡಿ: ಕ್ರಿಬೆನ್ಸಿಸ್ ಮರಿಗಳು ಹುಳಿ ನೀರಿನಲ್ಲಿ ಬೆಳೆದರೆ ಗಂಡು ಜಾಸ್ತಿ, ಇಲ್ಲದಿದ್ದರೆ ಹೆಣ್ಣು ಜಾಸ್ತಿ. ನಮ್ಮಲ್ಲಿ ಹೆಣ್ಣುಮಕ್ಕಳದ್ದೇ ರಾಜ್ಯ.

ಆದರೆ ಎರಡು ತಿಂಗಳಿಗೆ ಮರಿಗಳು ಬೆಳೆದು, ಅಪ್ಪ ಅಮ್ಮ ಮುಂದಿನ ಬಾಣಂತನಕ್ಕೆ ತಯಾರಾಗಿ ಇವನ್ನು ಅಟ್ಟತೊಡಗಿದಾಗ ನಿಜವಾದ ಪ್ರಶ್ನೆ ಎದುರಾಯಿತು. ಐವತ್ತು ಮೀನು ಎಲ್ಲಿಗೆ? ಮರಿ ಮಾಡಿಸುವ ಮುಂಚೆಯೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಮ್ಮ ಪುಣ್ಯ, ಅಂಗಡಿಯವರು ಒಂದಷ್ಟು ತೆಗೆದುಕೊಂಡರು, ಉಳಿದವು ಪರಿಚಯದವರಿಗೆ ಹೋದವು. ಈಗ ಕರಟ ತೆಗೆದಿಟ್ಟಿದ್ದೇನೆ, ಮೊದಲು ಗಿರಾಕಿ, ಆಮೇಲೆ ಗುಹೆ. ಹೊಳೆಗೆ ಬಿಡುವ ಯೋಚನೆ ಮಾತ್ರ ಬೇಡ. ಇಲ್ಲಿ ಅದು ಅಪರಾಧ. ನಮ್ಮ ದೇಶದಲ್ಲಿ ಏನಾಗಿದೆ ಗೊತ್ತಲ್ಲ, 1952ರಲ್ಲಿ ತಂದ ತಿಲಾಪಿಯಾ ಇವತ್ತು ಯಾವ ಕೆರೆಯಲ್ಲಿಲ್ಲ ಹೇಳಿ? ಅದೂ ಸಿಕ್ಲಿಡ್ಡೇ.

ಅಂದ ಹಾಗೆ, ಪಟ್ಟಿ ಮಾಡುವಾಗ ಒಂದು ಹೆಸರು ನೋಡಿ ಬೆಚ್ಚಿದ್ದೆ. ಎಟ್ರೊಪ್ಲಸ್ ಕನರೆನ್ಸಿಸ್. ಕನರ ಅಂದರೆ ನಮ್ಮ ಕೆನರಾ! ನೇತ್ರಾವತಿ, ಕುಮಾರಧಾರಾ ಕಡೆಯದೇ ಸಿಕ್ಲಿಡ್, ಹಳದಿ ಮೈಗೆ ಕಪ್ಪು ಪಟ್ಟೆ, ಮುತ್ತಿನ ಚುಕ್ಕಿ. ಆ ಹೊಳೆಗಳು ಕೂಡುವ ಊರಲ್ಲೇ ಬೆಳೆದ ನನಗೆ ಇದು ಗೊತ್ತೇ ಇರಲಿಲ್ಲ. ಅಳಿವಿನ ಅಪಾಯದ ಪಟ್ಟಿಯಲ್ಲಿದೆ, ಅಕ್ವೇರಿಯಂಗಾಗಿ ಹಿಡಿಯುವುದೂ ಅದಕ್ಕೊಂದು ಕಾರಣ. ಮಗಳು ಬೇಕು ಅಂದಳು. "ಬೇಡ ಪುಟ್ಟಾ, ಅದು ಅಜ್ಜಿ ಮನೆ ಹೊಳೆಯಲ್ಲೇ ಇರಲಿ. ಬೇಸಿಗೆ ರಜೆಯಲ್ಲಿ ಹೋಗಿ ನೋಡೋಣ" ಅಂದೆ.

ನಿಮಗೂ ಮೀನು ಸಾಕುವ ಆಸೆಯಿದ್ದರೆ ಅಂಗಡಿಗೆ ಹೋಗುವ ಮುಂಚೆ ಅಡುಗೆಮನೆಗೊಮ್ಮೆ ಹೋಗಿ, ಕೆಟಲ್ಲಿನೊಳಗೆ ಇಣುಕಿ ನೋಡಿ.