ಹೆಸರು ಬದಲಿಸಿದರೆ ಗ್ಯಾಲರಿ ತುಂಬುತ್ತದೆಯೇ?

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎಂಎಲ್‌ಎಸ್ 1996ರಲ್ಲಿ ಶುರುವಾದಾಗ ಕಾನ್ಸಾಸ್ ಸಿಟಿಯ ತಂಡಕ್ಕೆ ಇಟ್ಟ ಹೆಸರು ‘ವಿಜ್’. ಅದು ಬಾಳಿದ್ದು ಒಂದೇ ಸೀಸನ್. ಅದೇ ಹೆಸರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಂಪನಿ ತಕರಾರು ತೆಗೆದು, ಮರುವರ್ಷ ‘ವಿಜರ್ಡ್ಸ್’ ಆಯಿತು. ಡಲ್ಲಾಸ್‌ನದು ‘ಬರ್ನ್’, ಅಂದರೆ ಉರಿ. ಟ್ಯಾಂಪಾದ್ದು ‘ಮ್ಯೂಟಿನಿ’, ಅಂದರೆ ದಂಗೆ. ಸ್ಯಾನ್ ಹೋಸೆಯದು ‘ಕ್ಲ್ಯಾಶ್’. ಸಾಲಾಗಿ ಓದಿದರೆ ವಿಡಿಯೊ ಗೇಮ್ ಡಬ್ಬಿಯ ಮೇಲಿನ ಬರಹದಂತಿವೆ. ಅಲ್ಲಿಂದ ಹುಟ್ಟಿದ ನಂಬಿಕೆಯೊಂದು ಇವತ್ತಿಗೂ ಗಟ್ಟಿಯಾಗಿದೆ: ಇಂಥ ಬಾಲಿಶ ಹೆಸರುಗಳಿಂದಾಗಿ ಜನ ದೂರ ಉಳಿದರು, ಯುರೋಪಿನ ಧಾಟಿಯ ಹೆಸರು ಬಂದ ಮೇಲೆ ಕ್ರೀಡಾಂಗಣ ತುಂಬಿತು.

ಮೊದಲ ವರ್ಷದ ಲೆಕ್ಕವೇ ಇದನ್ನು ಒಪ್ಪುವುದಿಲ್ಲ. ಆ ವರ್ಷದ ಹತ್ತು ತಂಡಗಳಲ್ಲಿ ಅಪ್ಪಟ ಇಂಗ್ಲಿಷ್ ಶೈಲಿಯ ಹೆಸರು ಇದ್ದದ್ದು ‘ಡಿ.ಸಿ. ಯುನೈಟೆಡ್’ಗೆ. ಅದು ಪ್ರಶಸ್ತಿಯನ್ನೂ ಗೆದ್ದಿತು, ಆದರೂ ಅದರ ಪಂದ್ಯಗಳಿಗೆ ಬಂದವರು ಸರಾಸರಿ 15 ಸಾವಿರದಷ್ಟು ಜನ. ‘ಗ್ಯಾಲಕ್ಸಿ’ ಎಂಬ ಸಿನಿಮೀಯ ಹೆಸರು ಹೊತ್ತ ಲಾಸ್ ಏಂಜಲಿಸ್ ತಂಡದ ಸರಾಸರಿ 28 ಸಾವಿರ ದಾಟಿತ್ತು. ಅದರ ಮೊದಲ ಪಂದ್ಯಕ್ಕೇ ರೋಸ್ ಬೌಲ್‌ನಲ್ಲಿ 69 ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. ಆ ಹೆಸರು ಈಗಲೂ ಹಾಗೇ ಇದೆ.

ಯುರೋಪಿನ ಧಾಟಿ ಎಂದರೆ ಸಾಮಾನ್ಯವಾಗಿ ಹೆಸರಿಗೊಂದು ‘ಎಫ್‌ಸಿ’, ಅಂದರೆ ಫುಟ್‌ಬಾಲ್ ಕ್ಲಬ್. “ಎಫ್‌ಸಿ ಅನ್ನುವುದು ಅಮೆರಿಕನ್ನರ ನಕಲು, ಸಾಕರ್ ಅನ್ನುವುದು ಅವರ ಸ್ವಂತ ಪದ” ಎಂಬ ಮಾತೂ ತಲೆಕೆಳಗು. ‘ಅಸೋಸಿಯೇಷನ್ ಫುಟ್‌ಬಾಲ್’ ಎಂಬುದನ್ನು ಮೊಟಕುಗೊಳಿಸಿ ‘ಸಾಕರ್’ ಮಾಡಿದ್ದು 19ನೇ ಶತಮಾನದ ಇಂಗ್ಲೆಂಡಿನ ವಿದ್ಯಾರ್ಥಿಗಳು. ಅತ್ತ 1913ರಲ್ಲಿ ಹುಟ್ಟಿದ ಅಮೆರಿಕದ ರಾಷ್ಟ್ರೀಯ ಸಂಸ್ಥೆ ತನ್ನನ್ನು ‘ಫುಟ್‌ಬಾಲ್ ಅಸೋಸಿಯೇಷನ್’ ಎಂದೇ ಕರೆದುಕೊಂಡಿತ್ತು. ಸಾಕರ್ ಪದ ಅದರ ಹೆಸರಿನೊಳಗೆ ಬಂದದ್ದು 1945ರಲ್ಲಿ. ಪೆನ್ಸಿಲ್ವೇನಿಯದ ಉಕ್ಕಿನ ಕಾರ್ಖಾನೆಯ ತಂಡ ‘ಬೆತ್ಲೆಹೆಮ್ ಸ್ಟೀಲ್ ಎಫ್‌ಸಿ’ 1915ರಲ್ಲೇ ರಾಷ್ಟ್ರೀಯ ಕಪ್ ಗೆದ್ದಿತ್ತು.

ಹೆಸರಿನ ಮಹಿಮೆಗೆ ಎಲ್ಲರೂ ತೋರಿಸುವ ಸಾಕ್ಷಿ ಮತ್ತೆ ಕಾನ್ಸಾಸ್ ಸಿಟಿಯೇ. 2010ರ ನವೆಂಬರ್‌ನಲ್ಲಿ ವಿಜರ್ಡ್ಸ್ ತಂಡ ‘ಸ್ಪೋರ್ಟಿಂಗ್ ಕಾನ್ಸಾಸ್ ಸಿಟಿ’ ಆಯಿತು. ಹೊಸ ಹೆಸರಿಗೆ ಮೊದಲು ನಕ್ಕವರೇ ಹೆಚ್ಚು, ಆದರೆ ಸ್ವಲ್ಪ ಕಾಲದಲ್ಲೇ ಅಲ್ಲಿ ಟಿಕೆಟ್ ಸಿಗುವುದು ಕಷ್ಟವಾಯಿತು. ಹೆಸರೇ ಗೆದ್ದಿತು ಅನ್ನುವವರು ಒಂದು ಸಂಗತಿ ಬಿಟ್ಟುಬಿಡುತ್ತಾರೆ. ಅದುವರೆಗೆ ಈ ತಂಡಕ್ಕೆ ಸ್ವಂತ ಮನೆಯೇ ಇರಲಿಲ್ಲ. ಹಲವು ವರ್ಷ ಆರೋಹೆಡ್ ಎಂಬ ದೈತ್ಯ ಕ್ರೀಡಾಂಗಣದಲ್ಲಿ ಆಡುತ್ತಿತ್ತು. ಅದು ಅಮೆರಿಕನ್ ಫುಟ್‌ಬಾಲಿನವರದು, ಸುಮಾರು 79 ಸಾವಿರ ಆಸನ. ಹತ್ತು ಸಾವಿರ ಜನ ಬಂದರೂ ಮದುವೆ ಮುಗಿದ ಛತ್ರದಂತೆ ಕಾಣುತ್ತಿತ್ತು. 2008ರಿಂದ ಮೂರು ವರ್ಷ ಬೇಸ್‌ಬಾಲ್ ಮೈದಾನವೊಂದರಲ್ಲಿ ಬಾಡಿಗೆಗಿದ್ದರು. ಹೆಸರು ಬದಲಾದ ಏಳು ತಿಂಗಳಿಗೆ, 2011ರ ಜೂನ್‌ನಲ್ಲಿ, ಫುಟ್‌ಬಾಲಿಗೆಂದೇ ಕಟ್ಟಿದ 18 ಸಾವಿರ ಚಿಲ್ಲರೆ ಆಸನಗಳ ಅಂಗಳ ಬಾಗಿಲು ತೆರೆಯಿತು. 2012ರಲ್ಲಿ ಓಪನ್ ಕಪ್, 2013ರಲ್ಲಿ ಲೀಗ್ ಪ್ರಶಸ್ತಿ. ಇಷ್ಟೆಲ್ಲ ಒಟ್ಟಿಗೆ ಬಂದಾಗ ಪುಣ್ಯವನ್ನೆಲ್ಲ ಹೆಸರಿನ ಖಾತೆಗೆ ಹಾಕುವುದು ಹೇಗೆ?

ಪಕ್ಕದಲ್ಲಿ ಡಲ್ಲಾಸನ್ನು ಇಟ್ಟು ನೋಡಿ. 2005ರಲ್ಲಿ ‘ಬರ್ನ್’ ಹೋಗಿ ‘ಎಫ್‌ಸಿ ಡಲ್ಲಾಸ್’ ಬಂತು, ಅದೇ ವರ್ಷ ಹೊಸ ಕ್ರೀಡಾಂಗಣವೂ ಬಂತು. ಆದರೆ ಅದು ಇರುವುದು ಊರ ನಡುವಿನಿಂದ ಸುಮಾರು 40 ಕಿಲೋಮೀಟರ್ ಉತ್ತರಕ್ಕೆ, ಫ್ರಿಸ್ಕೊದಲ್ಲಿ. ಮುಂದಿನ ಹಲವು ವರ್ಷ ಪ್ರೇಕ್ಷಕರ ಲೆಕ್ಕದಲ್ಲಿ ತಂಡ ಲೀಗ್‌ನ ಕೆಳಗಿನ ಸಾಲಿನಲ್ಲೇ ಇತ್ತು. ಹೆಸರಿನಲ್ಲಿ ಎಫ್‌ಸಿ ಇದ್ದರೂ ಆ ದೂರವನ್ನು ಕಾರಿನಲ್ಲಿ ಕ್ರಮಿಸಬೇಕಾದವನು ಅಭಿಮಾನಿಯೇ ತಾನೆ.

ಇನ್ನು ಹೆಸರಾಂತ ಬ್ರ್ಯಾಂಡ್ ತಂದರೆ ಅದರ ಅಭಿಮಾನಿಗಳೂ ಜತೆಗೆ ಬರುತ್ತಾರೆ ಎಂಬ ಲೆಕ್ಕಾಚಾರ. ಮೆಕ್ಸಿಕೋದ ಗ್ವಾಡಲಹಾರಾ ನಗರದ ಜನಪ್ರಿಯ ಕ್ಲಬ್ ಚಿವಾಸ್‌ನ ಹೆಸರಿನಲ್ಲಿ 2005ರಲ್ಲಿ ಲಾಸ್ ಏಂಜಲಿಸ್ ಸೀಮೆಯಲ್ಲಿ ‘ಚಿವಾಸ್ ಯುಎಸ್‌ಎ’ ಕಟ್ಟಿದರು. ನಿಜವಾದ ಚಿವಾಸ್ ಅಭಿಮಾನಿಗೆ ಮೂಲ ತಂಡ ಟಿವಿಯಲ್ಲೇ ಸಿಗುತ್ತಿತ್ತು. ಚಿವಾಸ್ ಕಂಡರಾಗದ ಮೆಕ್ಸಿಕನ್ನರು ಇತ್ತ ತಲೆಯನ್ನೂ ಹಾಕಲಿಲ್ಲ. 2014ರಲ್ಲಿ ಬಾಗಿಲು ಮುಚ್ಚಿತು. ‘ನ್ಯೂಯಾರ್ಕ್ ಕಾಸ್ಮೋಸ್’ ಕಥೆಯೂ ಅಷ್ಟೆ. 1977ರಲ್ಲಿ ಪೆಲೆ ಆಡುತ್ತಿದ್ದ ಕಾಸ್ಮೋಸ್‌ನ ಒಂದು ಪಂದ್ಯಕ್ಕೆ 77,691 ಜನ ಬಂದಿದ್ದರು. 2013ರಲ್ಲಿ ಅದೇ ಹೆಸರನ್ನು ಮತ್ತೆ ಅಂಗಳಕ್ಕಿಳಿಸಿದಾಗ ಬಂದವರು ಕೆಲವೇ ಸಾವಿರ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೆ? ಇದೆ. ಜನರನ್ನು ಕರೆತರುವುದಕ್ಕಿಂತ ಕೆರಳಿಸುವುದರಲ್ಲಿ ಅದರ ಕಸುವು ಹೆಚ್ಚು.

2006ರ ಆರಂಭದಲ್ಲಿ ಹ್ಯೂಸ್ಟನ್‌ಗೆ ಬಂದ ತಂಡಕ್ಕೆ ‘ಹ್ಯೂಸ್ಟನ್ 1836’ ಎಂದು ಹೆಸರಿಟ್ಟರು. ಇಸವಿಯನ್ನು ಹೆಸರಿಗೆ ಅಂಟಿಸುವುದು ಜರ್ಮನ್ ಕ್ಲಬ್‌ಗಳ ರೂಢಿ. 1836 ಹ್ಯೂಸ್ಟನ್ ನಗರ ಸ್ಥಾಪನೆಯಾದ ವರ್ಷ. ಟೆಕ್ಸಾಸ್ ಮೆಕ್ಸಿಕೋದಿಂದ ಸಿಡಿದು ಹೋದದ್ದೂ ಅದೇ ವರ್ಷ. ಟಿಕೆಟ್ ಕೊಳ್ಳಬೇಕಾದವರಲ್ಲಿ ಮೆಕ್ಸಿಕನ್ ಮೂಲದವರೇ ದೊಡ್ಡ ಪಾಲು. ಅವರ ಸೋಲಿನ ಇಸವಿಯನ್ನು ಅವರ ಎದೆಯ ಮೇಲೇ ಹೊರಿಸಲು ಹೊರಟಿದ್ದರು! ವಿರೋಧ ಎದ್ದು, ಮಾರ್ಚ್‌ನಲ್ಲಿ ಅದು ‘ಡೈನಮೊ’ ಆಯಿತು. ಆ ವರ್ಷವೂ ಮುಂದಿನ ವರ್ಷವೂ ಡೈನಮೊ ಚಾಂಪಿಯನ್. ಈ ತಂಡ ಬಂದದ್ದು ಸ್ಯಾನ್ ಹೋಸೆಯಿಂದ. ಆಟಗಾರರು ಹೋದರೂ, ‘ಕ್ಲ್ಯಾಶ್’ ಜಾಗಕ್ಕೆ ಬಂದಿದ್ದ ‘ಅರ್ಥ್‌ಕ್ವೇಕ್ಸ್’ ಎಂಬ ಹೆಸರು, ಬಣ್ಣ, ಹಳೆಯ ಪ್ರಶಸ್ತಿಗಳು ಆ ಊರಲ್ಲೇ ಉಳಿದು, 2008ರಲ್ಲಿ ಕಟ್ಟಿದ ಹೊಸ ತಂಡದ ಪಾಲಾದವು.

ಕೊಲಂಬಸ್‌ನವರು 2021ರ ಮೇನಲ್ಲಿ ‘ಕ್ರೂ’ ಹೆಸರನ್ನು ಹಿಂದಕ್ಕೆ ಸರಿಸಿ ‘ಕೊಲಂಬಸ್ ಎಸ್‌ಸಿ’ ಎಂದು ಘೋಷಿಸಿದರು. ತಂಡ ಊರು ಬಿಡುವುದನ್ನು ಕೆಲವೇ ವರ್ಷಗಳ ಹಿಂದೆ ಹೋರಾಡಿ ತಡೆದಿದ್ದ ಅಭಿಮಾನಿಗಳು ಸುಮ್ಮನಿರಲಿಲ್ಲ. ಸುಮಾರು ಒಂದೇ ವಾರದಲ್ಲಿ ಕ್ರೂ ವಾಪಸ್.

ಸಿಯಾಟಲ್‌ನಲ್ಲಿ ಹೆಸರಿನ ಜಗಳ ಮತಪೆಟ್ಟಿಗೆಯ ತನಕ ಹೋಯಿತು. 2008ರಲ್ಲಿ ಹೊಸ ತಂಡಕ್ಕೆ ಆಡಳಿತ ಮೂರು ಹೆಸರು ಮುಂದಿಟ್ಟಿತು: ಸಿಯಾಟಲ್ ಎಫ್‌ಸಿ, ರಿಪಬ್ಲಿಕ್, ಅಲಯನ್ಸ್. 1974ರಿಂದ ಊರಿನ ಬಾಯಲ್ಲಿದ್ದ ‘ಸೌಂಡರ್ಸ್’ ಪಟ್ಟಿಯಲ್ಲೇ ಇರಲಿಲ್ಲ. ನಿಮಗಿಷ್ಟದ ಹೆಸರು ಬರೆಯಿರಿ ಎಂಬ ನಾಲ್ಕನೇ ಆಯ್ಕೆಯಲ್ಲಿ ಜನ ಅದನ್ನೇ ಬರೆದು ಗೆಲ್ಲಿಸಿದರು. ಮರುವರ್ಷ ಅಲ್ಲಿ ಸರಾಸರಿ 30 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು. ಅದಕ್ಕೆ ಹೆಸರೇ ಕಾರಣ ಎಂದರೆ ಮೇಲೆ ಬರೆದದ್ದನ್ನೆಲ್ಲ ನಾನೇ ಹೊಡೆದುಹಾಕಬೇಕಾಗುತ್ತದೆ. ಕ್ರೀಡಾಂಗಣ ಊರಿನ ಮಧ್ಯಕ್ಕೆ ಅಂಟಿಕೊಂಡೇ ಇದೆ, ಜನ ಮೆರವಣಿಗೆಯಲ್ಲಿ ನಡೆದೇ ಹೋಗುತ್ತಾರೆ.